ಟರ್ನ್‌ಟೇಬಲ್‌ನ ಧ್ವನಿ ಗುಣಮಟ್ಟ

ಟರ್ನ್‌ಟೇಬಲ್ ಎಂಬುದು ಧ್ವನಿತಟ್ಟೆಯ ಸುರುಳಿ ಗೀರಿನಲ್ಲಿರುವ ಏರಿಳಿತಗಳನ್ನು ಸೂಜಿಯ ಮೂಲಕ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಸಾಧನ. ಇದರ ಧ್ವನಿಯ ಗುಣಮಟ್ಟವು ಸೂಜಿ, ತಿರುಗುವ ವೇಗ, ಧ್ವನಿವರ್ಧಕ ಹಾಗೂ ತಟ್ಟೆಯ ಸ್ಥಿತಿಯನ್ನು ಅವಲಂಬಿಸಿದೆ.

ಹಿನ್ನೆಲೆ

ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣವು 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಆರಂಭದ ಗಾಯಕಿಯರಲ್ಲೊಬ್ಬರಾದ ಗೌಹರ್ ಜಾನ್ 1930ರಲ್ಲಿ ಮೈಸೂರಿನಲ್ಲಿ ನಿಧನರಾದರು. ಕನ್ನಡ ವೃತ್ತಿ ರಂಗಭೂಮಿಯ ಹಾಡುಗಳು ಸಹ ಅರಗಿನಿಂದ ತಯಾರಾದ 78 ವೇಗದ ತಟ್ಟೆಗಳಲ್ಲಿ ಹೊರಬಂದವು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಮುಂದಾಳತ್ವದಲ್ಲಿ ಬೆಳೆದ ನಾಟಕ ಕಂಪನಿಯು ಆ ರಂಗಭೂಮಿಯ ಪ್ರಮುಖ ಸಂಸ್ಥೆ. ಹಳೆಯ ತಟ್ಟೆಗಳ ಪೈಕಿ ಹಲವಕ್ಕೆ ಮೂಲಪ್ರತಿ ಉಳಿದಿಲ್ಲ. ಆದ್ದರಿಂದ ತಪ್ಪು ಸೂಜಿಯಿಂದ ನುಡಿಸಿದಾಗ ಸವೆಯುವ ಗೀರಿನ ಧ್ವನಿ ಶಾಶ್ವತವಾಗಿ ನಷ್ಟವಾಗಬಹುದು.

ಸೂಜಿ ಮತ್ತು ಭಾರ

78 ವೇಗದ ತಟ್ಟೆಯ ಗೀರು ಅಗಲವಾಗಿದ್ದು, ಅದಕ್ಕೆ ಸುಮಾರು 75 ಮೈಕ್ರೋಮೀಟರ್ ತ್ರಿಜ್ಯದ ತುದಿಯ ಸೂಜಿ ಬೇಕು. ಲಾಂಗ್ ಪ್ಲೇ ತಟ್ಟೆಗೆ 18ರಿಂದ 25 ಮೈಕ್ರೋಮೀಟರ್ ಸಾಕು. ಸಣ್ಣ ಸೂಜಿಯು ಅಗಲ ಗೀರಿನ ತಳದಲ್ಲಿ ಉಜ್ಜುವುದರಿಂದ ಗೊರಗೊರ ಸದ್ದು ಹೆಚ್ಚುತ್ತದೆ. ಸೂಜಿಯ ಭಾರವು ಲಾಂಗ್ ಪ್ಲೇಗೆ ಸಾಮಾನ್ಯವಾಗಿ 1.5ರಿಂದ 2 ಗ್ರಾಂ, 78ಕ್ಕೆ 3ರಿಂದ 5 ಗ್ರಾಂ ಇರುತ್ತದೆ. ಭಾರ ತೀರಾ ಕಡಿಮೆಯಾದರೆ ಸೂಜಿ ಗೀರಿನಲ್ಲಿ ಕುಣಿದು, ತಟ್ಟೆಗೆ ಹಾನಿಯಾಗುತ್ತದೆ.

ವೇಗ

ಪಟ್ಟಿಗಳಿರುವ ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು, 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಹಳೆಯ ಮಾದರಿಯ ಬಲ್ಬಿನ ಬೆಳಕಿನಲ್ಲಿ ವೇಗವನ್ನು ಪರೀಕ್ಷಿಸಬಹುದು. 33⅓ ವೇಗಕ್ಕೆ 180 ಪಟ್ಟಿಗಳು, 78ಕ್ಕೆ 77 ಪಟ್ಟಿಗಳು ಬೇಕು. ಪಟ್ಟಿಗಳು ನಿಂತಂತೆ ಕಂಡರೆ ವೇಗ ಸರಿಯಿದೆ. ಹಲವು ಎಲ್‌ಇಡಿ ದೀಪಗಳಲ್ಲಿ ಮಿಣುಕು ಇಲ್ಲದ ಕಾರಣ ಈ ಪರೀಕ್ಷೆ ಫಲಿಸುವುದಿಲ್ಲ.

ಸಂಕೇತ ಮತ್ತು ಜೋಡಣೆ

ಕಾರ್ಟ್ರಿಡ್ಜ್‌ನ ಸಂಕೇತವು ಕೆಲವೇ ಮಿಲಿವೋಲ್ಟ್‌ಗಳಷ್ಟಿರುತ್ತದೆ. ಇದಕ್ಕೆ ಫೋನೋ ಪ್ರಿಆಂಪ್ಲಿಫೈಯರ್ ಅಗತ್ಯ. 1954ರಲ್ಲಿ ಪ್ರಮಾಣಿತವಾದ ಸಮತೋಲನ ಕ್ರಮವನ್ನು ಅದಕ್ಕಿಂತ ಹಿಂದಿನ ತಟ್ಟೆಗಳಿಗೆ ಬಳಸಿದಾಗ ಸ್ವರದ ಸಮತೋಲ ಬದಲಾಗಬಹುದು. ಭೂಸಂಪರ್ಕ ತಂತಿಯನ್ನು ಜೋಡಿಸಿದರೆ ಗುಂಯ್‌ಗುಡುವ ಸದ್ದು ಸಾಮಾನ್ಯವಾಗಿ ಇಳಿಯುತ್ತದೆ. ಯಂತ್ರವು ಸಮತಟ್ಟಾದ, ಅಲುಗಾಡದ ಮೇಜಿನ ಮೇಲೆ, ಸ್ಪೀಕರ್‌ಗಳಿಂದ ದೂರವಿರಬೇಕು.

ಸ್ವಚ್ಛತೆ

ಅರಗು ಮದ್ಯಸಾರದಲ್ಲಿ ಕರಗುವುದರಿಂದ 78 ತಟ್ಟೆಗಳಿಗೆ ಮದ್ಯಸಾರ ಬೆರೆತ ದ್ರವವನ್ನು ಬಳಸಬಾರದು. ಮೃದುವಾದ ಕುಂಚದಿಂದ ಧೂಳು ತೆಗೆದು, ತಟ್ಟೆಗಳನ್ನು ಲಂಬವಾಗಿ ನಿಲ್ಲಿಸಿಡುವುದು ಸೂಕ್ತ.