ಪೆಟ್ಲುಪ್ಪು ಮತ್ತು ಅದರ ಮುಂಗೋಪಿ ತಮ್ಮ

ದೀಪಾವಳಿ ಬಂತೆಂದರೆ ನಮ್ಮ ಚೆಂಬೂರಿನ ಸೊಸೈಟಿಗಳ ಅಂಗಳದಲ್ಲಿ ಮದ್ದಿನ ಹೊಗೆ ಮೂಗಿಗೆ ಅಡರುತ್ತದಲ್ಲ, ಅದರ ಹಿಂದೆ ಒಂದು ಬಿಳಿ ಉಪ್ಪಿನ ಕಥೆಯಿದೆ. ಹಳಬರು ಅದನ್ನು ಪೆಟ್ಲುಪ್ಪು ಎಂದರು. ಮಕ್ಕಳ ಪಠ್ಯಪುಸ್ತಕದಲ್ಲಿ ಅದು ಪೊಟ್ಯಾಸಿಯಂ ನೈಟ್ರೇಟ್.

ಈ ಉಪ್ಪು ತಾನಾಗಿ ಉರಿಯುವುದಿಲ್ಲ, ಉರಿಯುವವರಿಗೆ ಆಮ್ಲಜನಕ ಒದಗಿಸುತ್ತದೆ, ಅಷ್ಟೆ. ನೂರು ಪಾಲು ಕರಿಮದ್ದಿನಲ್ಲಿ ಸುಮಾರು 75 ಪಾಲು ಇದೇ. ಉಳಿದದ್ದು ಇದ್ದಿಲು, ಗಂಧಕ. ಹಿಂದೆ ಇದು ಸಿಗುತ್ತಿದ್ದುದು ದನದ ಕೊಟ್ಟಿಗೆಯ ಮಣ್ಣಿನಲ್ಲಿ, ಹಳೆಯ ಗೋಡೆಗಳ ಬುಡದಲ್ಲಿ. ಗಂಜಲದ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ಆ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕಾಯಿಸಿ ಆರಿಸಿದರೆ ಹರಳು. ಇಂದು ಆ ಕಷ್ಟ ಬೇಕಿಲ್ಲ. ಗಾಳಿಯ ಸಾರಜನಕದಿಂದ ಅಮೋನಿಯಾ, ಅದರಿಂದ ನೈಟ್ರಿಕ್ ಆಮ್ಲ. ನಮ್ಮ ನೆರೆಯ ಆರ್‌ಸಿಎಫ್ ಕಾರ್ಖಾನೆಯಲ್ಲಿ ಗೊಬ್ಬರಕ್ಕಾಗಿ ನಡೆಯುವುದೂ ಇದೇ.

ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ಇದೇ ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿತು. ಬಿದಿರು, ಕಾಗದದ ಕೊಳವೆ ತಡೆಯಲಾರದ ಒತ್ತಡವನ್ನು ಕಬ್ಬಿಣ ತಡೆಯಿತು, ರಾಕೆಟ್ ದೂರ ಹಾರಿತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಅದರ ಬಿಸಿ ಉಂಡ ಇಂಗ್ಲಿಷರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನ್ನು ತಮ್ಮೂರಿಗೆ ಸಾಗಿಸಿ ಅಭ್ಯಾಸ ಮಾಡಿದರು. ಕಾಂಗ್ರೀವ್ ರಾಕೆಟ್‌ಗಳ ಮೂಲ ಅದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳುಬಾವಿಯನ್ನು ಅಗೆದಾಗ ಇಂಥ ಸುಮಾರು ಸಾವಿರ ರಾಕೆಟ್ ಸಿಕ್ಕವು. ಇನ್ನೂರು ವರ್ಷದ ಮೇಲೂ ಬಾವಿಯ ಕೆಸರಿಗೆ ಮದ್ದಿನ ವಾಸನೆ ಇತ್ತಂತೆ!

ಅದೇ ಕಾಲಕ್ಕೆ ಫ್ರಾನ್ಸಿನಲ್ಲಿ ಪೆಟ್ಲುಪ್ಪಿನ ಬದಲು ಹೊಸ ಉಪ್ಪೊಂದನ್ನು ಪ್ರಯತ್ನಿಸಿದರು: ಬರ್ತೊಲೆ ಕಂಡುಹಿಡಿದ ಪೊಟ್ಯಾಸಿಯಂ ಕ್ಲೋರೇಟ್. 1788ರ ಅಕ್ಟೋಬರಿನಲ್ಲಿ ಎಸ್ಸಾನ್ ಎಂಬಲ್ಲಿ ಅದನ್ನು ಅರೆಯುವಾಗ ಸಿಡಿದು ಇಬ್ಬರು ಸತ್ತರು. ಬರ್ತೊಲೆ, ಲವಾಸಿಯೆ ಇಬ್ಬರೂ ಅಲ್ಲಿದ್ದು ಕೂದಲೆಳೆಯಲ್ಲಿ ಪಾರಾದರು.

ಏಕೆ ಹೀಗೆ? ತೂಕಕ್ಕೆ ತೂಕ ನೋಡಿದರೆ ಆಮ್ಲಜನಕ ಹೆಚ್ಚಿರುವುದು ನೈಟ್ರೇಟಿನಲ್ಲೇ. ಆದರೆ ಅದು ಜಿಪುಣ, 400 ಡಿಗ್ರಿ ದಾಟುವಂತೆ ಕಾಯಿಸಿದರೇ ಬಿಡುವುದು. ಬಿಡುವಾಗಲೂ ಶಾಖ ಕೇಳುತ್ತದೆ. ಕ್ಲೋರೇಟ್ ಒಡೆಯುವಾಗ ತಾನೇ ಶಾಖ ಕೊಡುತ್ತದೆ. ಗಂಧಕ ಜೊತೆಗಿದ್ದರಂತೂ ಬೆಂಕಿಯೂ ಬೇಡ. ಒಂದು ಉಜ್ಜು, ಒಂದು ಪೆಟ್ಟು ಸಾಕು. ಗಂಧಕದಲ್ಲಿ ಹುಳಿಯ ಅಂಶವಿದ್ದರೆ ಸುಮ್ಮನೆ ಇಟ್ಟಲ್ಲೇ ಹೊತ್ತಿಕೊಳ್ಳಬಹುದು. 1992ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪಟಾಕಿಯಲ್ಲಿ ಗಂಧಕ–ಕ್ಲೋರೇಟ್ ಮಿಶ್ರಣವನ್ನು ನಿಷೇಧಿಸಿದ್ದು ಈ ಕಾರಣಕ್ಕೆ.

ಈ ಮುಂಗೋಪಿ ತಮ್ಮ ನಿಮ್ಮ ಅಡುಗೆಮನೆಯಲ್ಲೂ ಇದ್ದಾನೆ. ಬೆಂಕಿಕಡ್ಡಿಯ ತಲೆಯಲ್ಲಿರುವುದು ಕ್ಲೋರೇಟ್, ಪೆಟ್ಟಿಗೆಯ ಮಗ್ಗುಲಲ್ಲಿರುವುದು ಕೆಂಪು ರಂಜಕ. ಎರಡನ್ನೂ ದೂರ ಇಟ್ಟದ್ದೇ ‘ಸೇಫ್ಟಿ ಮ್ಯಾಚ್’ನ ಸೇಫ್ಟಿ. ಹುಡುಗರು ಕಡ್ಡಿಯ ಮದ್ದು ಕೆರೆದು ಬೋಲ್ಟಿಗೆ ತುಂಬಿ ಬಡಿಯುವ ಆಟ ಗೊತ್ತಲ್ಲ? ಎಸ್ಸಾನಿನಲ್ಲಿ ಆದದ್ದು ಅದೇ, ಪ್ರಮಾಣವಷ್ಟೇ ಬೇರೆ. ಕಂಡರೆ ಆ ಬೋಲ್ಟನ್ನು ಕೂಡಲೇ ಕೈಯಿಂದ ಬಿಡಿಸಿ.