ದೂರವಾಣಿಯೂ ವಿಶ್ವವಿದ್ಯಾನಿಲಯವೂ

ಒಂದು ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕರ ಮತ್ತು ನೌಕರರ ಮೇಜುಗಳ ಮೇಲಿದ್ದ ಹಳೆಯ ದೂರವಾಣಿಗಳನ್ನು ತೆಗೆದು, ಅವುಗಳಿಗೆ ಬದಲಾಗಿ ಅಂತರ್ಜಾಲದ ಮೂಲಕ ಮಾತನಾಡುವ ಹೊಸ ದೂರವಾಣಿಗಳನ್ನು ಇಡುವುದೆಂದರೆ, ಮೇಲುನೋಟಕ್ಕೆ ಅದು ಲೆಕ್ಕಪತ್ರದ ಕಚೇರಿಗೂ ತಂತಿಯ ಕೆಲಸಗಾರರಿಗೂ ಮಾತ್ರ ಸಂಬಂಧಪಟ್ಟ ವಿಷಯವೆಂದು ತೋರಬಹುದು. ಇಪ್ಪತ್ತೊಂದನೆಯ ಶತಮಾನವು ಆರಂಭವಾದಂದಿನಿಂದ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಇಂತಹ ಬದಲಾವಣೆಗಳು ಅನೇಕ ವಿದ್ಯಾಸಂಸ್ಥೆಗಳಲ್ಲಿ ನಡೆದುಹೋಗಿವೆ. ಅವುಗಳನ್ನು ಚರಿತ್ರೆಯ ವಿಷಯವೆಂದು ಎಣಿಸಿದವರು ವಿರಳ. ಆದರೆ ದೂರವಾಣಿಯ ಪೂರ್ವೋತ್ತರವನ್ನು ಸ್ವಲ್ಪ ವಿಚಾರಮಾಡಿ ನೋಡಿದರೆ, ಈ ಬದಲಾವಣೆಯೊಳಗೆ ಒಂದು ಹಳೆಯ ಪ್ರಶ್ನೆಯು ಅಡಗಿರುವುದು ಕಾಣುತ್ತದೆ. ಮಾತನಾಡುತ್ತಿರುವವನು ಎಲ್ಲಿದ್ದಾನೆ? ಅದನ್ನು ಅರಿತಿರಬೇಕಾದ ಹೊಣೆ ಯಾರದು? ಆ ಹೊಣೆಯು ಸುಮಾರು ನೂರೈವತ್ತು ವರ್ಷಗಳಲ್ಲಿ ಕೈಯಿಂದ ಕೈಗೆ ಹೇಗೆ ಸಾಗಿಬಂದಿತೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ದೂರವಾಣಿಯು ಹುಟ್ಟಿದುದು ಒಬ್ಬ ಉಪಾಧ್ಯಾಯನ ಕೈಯಲ್ಲಿ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಮಹಾಶಯನಿಗೆ ಉಚ್ಚಾರಣೆಯನ್ನು ಕಲಿಸುವುದು ಮನೆತನದ ವಿದ್ಯೆ. ಕಿವುಡ ಮಕ್ಕಳಿಗೆ ಪಾಠ ಹೇಳುವುದು ಕಸುಬು. 1873ರಲ್ಲಿ ಅವನು ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಕಂಠಧ್ವನಿಯ ಶಾಸ್ತ್ರಕ್ಕೆ ಅಧ್ಯಾಪಕನಾದನು. 1876ನೆಯ ಇಸವಿ ಮಾರ್ಚಿ 10ನೆಯ ತಾರೀಖು ಬಾಸ್ಟನ್ನಿನಲ್ಲಿ ಅವನು ತನ್ನ ಯಂತ್ರದ ಮುಂದೆ ನಿಂತು, ಬೇರೆ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್ನನನ್ನು ‘ಇಲ್ಲಿಗೆ ಬಾ’ ಎಂದು ಕರೆದನು. ವಾಟ್ಸನ್ನನು ಎದ್ದು ಬಂದನು. ತಂತಿಯ ಮೇಲೆ ಸ್ಪಷ್ಟವಾಗಿ ಕೇಳಿಬಂದ ಮೊದಲನೆಯ ಮಾತೇ ಸ್ಥಳವನ್ನು ಕುರಿತ ಮಾತು. ‘ಇಲ್ಲಿ’ ಎಂದರೆ ಎಲ್ಲಿ ಎಂಬುದನ್ನು ವಾಟ್ಸನ್ನನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ಕೋಣೆಗಳು, ಅವುಗಳ ನಡುವೆ ಒಂದು ತಂತಿ: ಅಷ್ಟೇ ಆಗಿನ ದೂರವಾಣಿಯ ಪ್ರಪಂಚ.

ಎರಡು ವರ್ಷಗಳೊಳಗಾಗಿ ತಂತಿಗಳು ಬಹಳವಾದುವು. 1878ರ ಜನವರಿ 28ನೆಯ ತಾರೀಖು, ಯೇಲ್ ವಿದ್ಯಾಪೀಠವಿರುವ ನ್ಯೂ ಹೇವನ್ ಪಟ್ಟಣದಲ್ಲಿ ಎಕ್ಸ್‌ಚೇಂಜು ತೆರೆಯಿತು. ಮೊದಲಲ್ಲಿ ಅದಕ್ಕೆ 21 ಮಂದಿ ಚಂದಾದಾರರು. ಮುಂದಿನ ತಿಂಗಳಲ್ಲಿ ಅಚ್ಚಾದ ಒಂದೇ ಹಾಳೆಯ ಪಟ್ಟಿಯಲ್ಲಿ ಸುಮಾರು 50 ಹೆಸರುಗಳಿದ್ದುವು. ಸಂಖ್ಯೆಗಳು ಮಾತ್ರ ಇರಲಿಲ್ಲ. ಅವುಗಳ ಅಗತ್ಯವೂ ಇರಲಿಲ್ಲ. ಚಂದಾದಾರನು ಇಂತಹವರು ಬೇಕೆಂದು ಹೆಸರು ಹೇಳುವನು; ಫಲಕದ ಮುಂದೆ ಕುಳಿತಿರುವ ಆಪರೇಟರು ತಂತಿಗೆ ತಂತಿ ಸೇರಿಸುವರು. ಯಾರು ಯಾರ ಮನೆ ಎಲ್ಲಿ, ವೈದ್ಯರು ಯಾವ ಬೀದಿಯಲ್ಲಿದ್ದಾರೆ, ಯಾರ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುವುದು, ಇದೆಲ್ಲವೂ ಅವರಿಗೆ ಬಾಯಿಪಾಠ. ದೂರವಾಣಿಯ ಸ್ಥಳಜ್ಞಾನವು ಆಗ ಮನುಷ್ಯರ ನೆನಪಿನಲ್ಲಿತ್ತು.

ನೆನಪಿಗೆ ಇರುವ ಅಪಾಯವೇನೆಂಬುದು 1879ರಲ್ಲಿ ಮಸಾಚುಸೆಟ್ಸ್ ಪ್ರಾಂತದ ಲೋವೆಲ್ ಎಂಬ ಊರಿನಲ್ಲಿ ತಿಳಿದುಬಂದಿತು. ಅಲ್ಲಿ ದಡಾರ ಹರಡಿದಾಗ, ಮೋಸೆಸ್ ಗ್ರೀಲಿ ಪಾರ್ಕರ್ ಎಂಬ ವೈದ್ಯನಿಗೆ ಒಂದು ಶಂಕೆ ಹುಟ್ಟಿತು: ಈ ಆಪರೇಟರುಗಳೆಲ್ಲರೂ ಏಕಕಾಲದಲ್ಲಿ ಹಾಸಿಗೆ ಹಿಡಿದರೆ ಊರಿನ ದೂರವಾಣಿಯ ಗತಿಯೇನು? ಹೊಸಬರಿಗೆ ಹೆಸರುಗಳು ಹೇಗೆ ತಿಳಿಯಬೇಕು? ಪ್ರತಿಯೊಬ್ಬ ಚಂದಾದಾರನಿಗೂ ಒಂದು ಸಂಖ್ಯೆಯನ್ನು ಕೊಡಿರೆಂದು ಅವನು ಸಲಹೆಯಿತ್ತನು. ನಾವಿಂದು ಬಾಯಿಪಾಠ ಮಾಡುವ ದೂರವಾಣಿ ಸಂಖ್ಯೆಯ ಮೂಲವಿದು. ಹೀಗೆ ಒಬ್ಬರ ನೆನಪಿನಲ್ಲಿದ್ದ ತಿಳಿವಳಿಕೆಯು ಪಟ್ಟಿಗೆ ಇಳಿಯಿತು.

ಪಟ್ಟಿಯಿಂದ ಯಂತ್ರಕ್ಕೆ ಅದನ್ನು ಇಳಿಸಿದವನು ಅಲ್ಮನ್ ಸ್ಟ್ರೌಜರ್. ಕಾನ್ಸಾಸ್ ನಗರದಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ವೃತ್ತಿ. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿರುವಳೆಂದು ಅವನು ಸಂದೇಹಪಟ್ಟನೆಂದೂ, ಆ ಸಿಟ್ಟಿನಿಂದಲೇ ಆಪರೇಟರೇ ಬೇಡದ ಯಂತ್ರವನ್ನು ಕಲ್ಪಿಸಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಹೇಗಾದರೂ ಇರಲಿ, ಅವನಿಗೆ 1891ರಲ್ಲಿ ಪೇಟೆಂಟು ದೊರೆಯಿತು; 1892ರ ನವೆಂಬರ್ 3ರಂದು ಇಂಡಿಯಾನದ ಲಾ ಪೋರ್ಟ್ ಪಟ್ಟಣದಲ್ಲಿ ಅವನ ಸ್ವಯಂಚಾಲಿತ ಎಕ್ಸ್‌ಚೇಂಜು ಕೆಲಸಕ್ಕೆ ತೊಡಗಿತು. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ ಮೊದಲಲ್ಲಿ ತಯಾರಾದ ಎಕ್ಸ್‌ಚೇಂಜುಗಳೂ ಇದೇ ಸ್ಟ್ರೌಜರ್ ಮಾದರಿಯವು.

ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಗುಣವಿತ್ತು. ಅದು ಇರುವಷ್ಟು ಕಾಲವೂ ಅದನ್ನು ಯಾರೂ ಗಮನಿಸಲಿಲ್ಲ. ಪ್ರತಿಯೊಂದು ಸಂಖ್ಯೆಗೂ ಒಂದು ಜೊತೆ ತಾಮ್ರದ ತಂತಿ. ಆ ತಂತಿಯ ಒಂದು ತುದಿ ಎಕ್ಸ್‌ಚೇಂಜಿನಲ್ಲಿ, ಇನ್ನೊಂದು ತುದಿ ಒಂದು ಗೊತ್ತಾದ ಗೋಡೆಯಲ್ಲಿ. ಸಂಖ್ಯೆಯನ್ನು ಬಲ್ಲವನಿಗೆ ಮನೆಯೂ ತಿಳಿದಂತೆಯೇ. ಅಲ್ಲದೆ, ದೂರವಾಣಿಗೆ ಬೇಕಾದ ವಿದ್ಯುಚ್ಛಕ್ತಿಯೂ ಅದೇ ತಂತಿಯ ಮೂಲಕ ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಗಳಿಂದ ಬರುತ್ತಿದ್ದುದರಿಂದ, ಮನೆಯಲ್ಲಿ ದೀಪವಾರಿದರೂ ದೂರವಾಣಿಯು ಮೂಕವಾಗುತ್ತಿರಲಿಲ್ಲ. ವಿಶ್ವವಿದ್ಯಾನಿಲಯಗಳು ತಮ್ಮದೇ ಆದ ಖಾಸಗಿ ಎಕ್ಸ್‌ಚೇಂಜುಗಳನ್ನು ಇಟ್ಟುಕೊಂಡು, ಕೋಣೆಕೋಣೆಗೂ ಒಂದೊಂದು ಒಳಸಂಖ್ಯೆಯನ್ನು ಕೊಟ್ಟುವು. ರಸಾಯನಶಾಸ್ತ್ರದ ಪ್ರಯೋಗಶಾಲೆಯಿಂದ ನಡುರಾತ್ರಿಯಲ್ಲಿ ಯಾರಾದರೂ ಕರೆದು ಮಾತನಾಡಲಾರದೆ ಹೋದರೂ, ಆ ಕರೆ ಯಾವ ತಂತಿಯದೆಂದು ನೋಡಿ ಕಾವಲುಗಾರನು ಆ ಕೋಣೆಗೆ ಓಡಬಹುದಾಗಿತ್ತು.

ಈ ತಂತಿಯ ಕಟ್ಟನ್ನು ಸಡಿಲಿಸಿದುದೂ ವಿಶ್ವವಿದ್ಯಾನಿಲಯಗಳೇ. 1969ರ ಅಕ್ಟೋಬರ್ 29ರ ರಾತ್ರಿ, ಲಾಸ್ ಏಂಜಲೀಸಿನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಕಂಪ್ಯೂಟರಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ಕಂಪ್ಯೂಟರಿಗೆ ಅರ್ಪಾನೆಟ್ ಎಂಬ ಜಾಲದ ಮೂಲಕ ಮೊದಲ ಸಂದೇಶವು ಹೊರಟಿತು. ‘ಲಾಗಿನ್’ ಎಂಬ ಪದದ ಮೊದಲೆರಡು ಅಕ್ಷರಗಳು ಮುಟ್ಟುವಷ್ಟರಲ್ಲಿಯೇ ಯಂತ್ರವು ನಿಂತುಹೋಯಿತು. ಅಕ್ಷರವು ಬಂದಿತೇ ಎಂದು ಎರಡು ಕಡೆಯವರೂ ವಿಚಾರಿಸಿಕೊಂಡುದು ದೂರವಾಣಿಯಲ್ಲಿ! ಜಾಲವು ಹರಡಿದುದೂ ದೂರವಾಣಿ ಕಂಪನಿಯಿಂದ ಬಾಡಿಗೆಗೆ ಪಡೆದ ತಂತಿಗಳ ಮೇಲೆಯೇ. ಆದರೆ ತತ್ತ್ವವು ಬೇರೆ. ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತನಾಡುತ್ತಿರುವಷ್ಟು ಕಾಲವೂ ಅವರ ನಡುವಣ ದಾರಿಯು ಅವರಿಬ್ಬರಿಗೇ ಮೀಸಲು. ಇಲ್ಲಿಯಾದರೋ, ಹೇಳಬೇಕಾದುದನ್ನು ಸಣ್ಣಸಣ್ಣ ಪೊಟ್ಟಣಗಳಾಗಿ ಕಟ್ಟಿ, ಒಂದೊಂದರ ಮೇಲೂ ವಿಳಾಸ ಬರೆದು, ಎಲ್ಲರೂ ನಡೆಯುವ ಹಾದಿಯಲ್ಲಿಯೇ ಬಿಡುವುದು. ಅಮೆರಿಕದ ಪಾಲ್ ಬ್ಯಾರನ್, ಇಂಗ್ಲೆಂಡಿನ ಡೊನಾಲ್ಡ್ ಡೇವೀಸ್ ಎಂಬಿಬ್ಬರು 1960ರ ದಶಕದಲ್ಲಿ ಒಬ್ಬರನ್ನೊಬ್ಬರು ಅರಿಯದೆಯೇ ಈ ಯೋಚನೆಗೆ ಬಂದಿದ್ದರು.

ಮಾತನ್ನೂ ಹೀಗೆ ಪೊಟ್ಟಣ ಕಟ್ಟಬಹುದೇ? ಕಷ್ಟವೇನೆಂಬುದನ್ನು ಎರಡು ಅಂಕಿಗಳು ಹೇಳುತ್ತವೆ. ದೂರವಾಣಿಯ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ಸಾಮಾನ್ಯ ಕ್ರಮದಲ್ಲಿ ಸೆಕೆಂಡಿಗೆ 8,000 ಸಲ ಅಳತೆ, ಒಂದೊಂದು ಅಳತೆಗೆ 8 ಬಿಟ್ಟು, ಒಟ್ಟು 64,000. ಅರ್ಪಾನೆಟ್ಟಿನ ತಂತಿಯಾದರೋ ಸೆಕೆಂಡಿಗೆ ಹೊರಬಲ್ಲುದು 50,000 ಬಿಟ್ಟು ಮಾತ್ರ. ಒಬ್ಬನ ಮಾತಿಗೇ ದಾರಿಯು ಸಾಲದು. ಈ ಇಕ್ಕಟ್ಟನ್ನು ಬಿಡಿಸಿದ ವಿದ್ಯೆಯಲ್ಲಿ ನಮ್ಮ ನಾಡಿಗೂ ಸಂಬಂಧವುಳ್ಳ ಒಬ್ಬರ ಕೈಯಿದೆ. ಬಿಷ್ಣು ಅಟಲ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿದ್ಯುತ್ಸಂಪರ್ಕ ಶಾಸ್ತ್ರವನ್ನು ಓದಿ 1955ರಲ್ಲಿ ಡಿಪ್ಲೊಮಾ ಪಡೆದರು. 1957ರಿಂದ 1960ರ ವರೆಗೆ ಅಲ್ಲಿಯೇ ಶಬ್ದಶಾಸ್ತ್ರವನ್ನು ಬೋಧಿಸಿದರು. 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿದರು. ಜಪಾನಿನಲ್ಲಿ ಇಟಾಕುರ, ಸೈಟೊ ಎಂಬಿಬ್ಬರೂ, ಅಮೆರಿಕದಲ್ಲಿ ಅಟಲ್ ಅವರೂ ಬೇರೆಬೇರೆಯಾಗಿ ಬೆಳೆಯಿಸಿದ ಕ್ರಮದ ತಿರುಳು ಇಷ್ಟು: ರಾಗವನ್ನು ಬಲ್ಲವನಿಗೆ ಮುಂದಿನ ಸ್ವರವು ಹೇಗೆ ಊಹೆಗೆ ಸಿಕ್ಕುವುದೋ, ಹಾಗೆಯೇ ಧ್ವನಿಯ ಹಿಂದಿನ ಅಳತೆಗಳಿಂದ ಮುಂದಿನದನ್ನು ಊಹಿಸಬಹುದು, ಊಹೆಗೆ ಸಿಕ್ಕುವುದನ್ನು ಕಳುಹಿಸಬೇಕಾದುದಿಲ್ಲ. 1974ರ ಆಗಸ್ಟಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮಾಹಿತಿಶಾಸ್ತ್ರ ಸಂಸ್ಥೆಗೂ ಮಸಾಚುಸೆಟ್ಸಿನ ಲಿಂಕನ್ ಪ್ರಯೋಗಶಾಲೆಗೂ ನಡುವೆ ಪೊಟ್ಟಣ ಕಟ್ಟಿದ ಮಾತು ಮೊದಲು ಹರಿದಾಗ, ಬೇರೊಂದು ಕ್ರಮದಲ್ಲಿ ಅದಕ್ಕೆ 16,000 ಬಿಟ್ಟುಗಳು ಬೇಕಾಗಿದ್ದುವು. ಅದೇ ವರ್ಷದ ಡಿಸೆಂಬರಿನಲ್ಲಿ ಊಹೆಯ ಕ್ರಮದಿಂದ ಸುಮಾರು 3,500 ಬಿಟ್ಟುಗಳಲ್ಲಿಯೇ ಸಂಭಾಷಣೆಯು ಸಾಧ್ಯವಾಯಿತು.

ಈ ಪ್ರಯೋಗಗಳನ್ನು ನಡೆಯಿಸಿದವರಲ್ಲಿ ಮುಖ್ಯರು ಡ್ಯಾನಿ ಕೋಹೆನ್. ಅವರು ಎತ್ತಿಹಿಡಿದ ಸೂಕ್ಷ್ಮವೊಂದುಂಟು. ಪತ್ರದಲ್ಲಿ ಒಂದು ಅಕ್ಷರವೂ ತಪ್ಪಬಾರದು, ತಡವಾದರೆ ಚಿಂತೆಯಿಲ್ಲ. ಮಾತಿನಲ್ಲಿ ಒಂದು ಚೂರು ಕಳೆದುಹೋದರೆ ಕಿವಿಯು ತಾನೇ ತುಂಬಿಕೊಳ್ಳುವುದು. ತಡವಾಗಿ ಬಂದ ಚೂರು ಮಾತ್ರ ಯಾತಕ್ಕೂ ಬಾರದು. ಈ ವಿವೇಕವೇ ಅಂತರ್ಜಾಲದ ನಿಯಮಗಳೊಳಗೆ ಮಾತಿಗೊಂದು ಪ್ರತ್ಯೇಕ ದಾರಿಯನ್ನು ಮಾಡಿಸಿತು. ಮುಂದೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ಹೆನ್ನಿಂಗ್ ಶುಲ್ಸ್‌ರಿನ್ನೆಯವರೂ ಸಹೋದ್ಯೋಗಿಗಳೂ 1996ರಲ್ಲಿ ಮಾತನ್ನು ಹೊರುವ ನಿಯಮವನ್ನೂ, 1999ರಲ್ಲಿ ಕರೆಯನ್ನು ಆರಂಭಿಸುವ ‘ಸಿಪ್’ ಎಂಬ ನಿಯಮವನ್ನೂ ಪ್ರಕಟಿಸಿದರು. ಸಿಪ್ಪಿನಲ್ಲಿ ದೂರವಾಣಿಯು ಎಲ್ಲಿದ್ದರೂ ಸರಿಯೇ. ಜಾಲಕ್ಕೆ ಸೇರಿದೊಡನೆ ಅದು ತನ್ನ ಕಚೇರಿಯ ಕಂಪ್ಯೂಟರಿಗೆ ‘ನಾನು ಈಗ ಈ ವಿಳಾಸದಲ್ಲಿದ್ದೇನೆ’ ಎಂದು ನೋಂದಾಯಿಸಿಕೊಳ್ಳುವುದು. ಕರೆಯು ಅಲ್ಲಿಗೆ ಹೋಗುವುದು. ಆ ವಿಳಾಸವು ಜಾಲದಲ್ಲಿಯ ವಿಳಾಸ, ಬೀದಿಯ ವಿಳಾಸವಲ್ಲ.

ಇದರ ಲಾಭವನ್ನು ಮೊದಲು ಕಂಡುಕೊಂಡ ವಿದ್ಯಾಸಂಸ್ಥೆಗಳಲ್ಲಿ ನ್ಯೂ ಹ್ಯಾಂಪ್‌ಷೈರಿನ ಡಾರ್ಟ್‌ಮತ್ ಕಾಲೇಜೂ ಒಂದು. 1769ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು 2003ರಲ್ಲಿ ದೂರವಾಣಿಯನ್ನು ತನ್ನ ಕಂಪ್ಯೂಟರ್ ಜಾಲದ ಮೇಲೆ ತರತೊಡಗಿ, ಹೊಸ ವಿದ್ಯಾರ್ಥಿಗಳಿಗೆ ಅವರವರ ಕಂಪ್ಯೂಟರಿನಲ್ಲಿಯೇ ಮಾತನಾಡುವ ಅನುಕೂಲವನ್ನು ಕಲ್ಪಿಸಿತು. ದೂರದ ಕರೆಗಳಿಗೆ ಹಣ ಕೇಳುವುದನ್ನೂ ನಿಲ್ಲಿಸಿತು. ಕರೆಗೆ ತಗಲುವ ವೆಚ್ಚಕ್ಕಿಂತ ಅದರ ಲೆಕ್ಕವಿಟ್ಟು ಬಿಲ್ಲು ಕಳುಹಿಸುವ ವೆಚ್ಚವೇ ಹೆಚ್ಚೆಂದು ಕಂಡುಬಂದುದು ಅದಕ್ಕೆ ಕಾರಣ. ಎರಡು ಬಗೆಯ ತಂತಿಗಳನ್ನು ಕಾಪಾಡುವ ಬದಲು ಒಂದನ್ನೇ ಕಾಪಾಡಿದರೆ ಸಾಕು; ಅಧ್ಯಾಪಕನು ಕೋಣೆ ಬದಲಾಯಿಸಿದರೆ ಸಂಖ್ಯೆಯೂ ಅವನ ಜೊತೆಯಲ್ಲಿ ಹೋಗುವುದು. 2020ರಲ್ಲಿ ಸಾಂಕ್ರಾಮಿಕದಿಂದ ಕಚೇರಿಗಳು ಮುಚ್ಚಿದಾಗ, ಕಚೇರಿಯ ಸಂಖ್ಯೆಯಿಂದಲೇ ಮನೆಯಲ್ಲಿ ಕುಳಿತು ಮಾತನಾಡಲು ಹೊಸ ವ್ಯವಸ್ಥೆಯುಳ್ಳವರಿಗೆ ಸಾಧ್ಯವಾಯಿತು. ಇವು ಅಲ್ಪ ಲಾಭಗಳಲ್ಲ.

ಆದರೆ ಕಟ್ಟು ಸಡಿಲಿದಾಗ ಅದರೊಡನೆ ಹೋದುದೇನೆಂಬುದನ್ನೂ ಹೇಳಬೇಕು. ಹೊಸ ದೂರವಾಣಿಗೆ ವಿದ್ಯುತ್ತು ದೂರದ ಎಕ್ಸ್‌ಚೇಂಜಿನಿಂದ ಬರುವುದಿಲ್ಲ. ಆಯಾ ಕಟ್ಟಡದಿಂದಲೇ ಬರಬೇಕು. ಕಟ್ಟಡದ ವಿದ್ಯುತ್ತು ಹೋಗಿ, ಅಲ್ಲಿ ಬ್ಯಾಟರಿಯ ಏರ್ಪಾಡೂ ಇಲ್ಲದಿದ್ದರೆ, ಬೆಂಕಿಯ ವೇಳೆಯಲ್ಲಿಯೇ ದೂರವಾಣಿಯು ಸತ್ತಿರುವುದು. ಬ್ರಿಟನ್ನಿನಲ್ಲಿ ಹಳೆಯ ದೂರವಾಣಿ ಜಾಲವನ್ನು 2025ರ ಕೊನೆಗೆ ಮುಚ್ಚಬೇಕೆಂದಿದ್ದುದನ್ನು 2024ರಲ್ಲಿ 2027ರ ಜನವರಿಗೆ ಮುಂದೂಡಿದರು. ಒಂಟಿಯಾಗಿರುವ ವೃದ್ಧರೂ ರೋಗಿಗಳೂ ಆಪತ್ತಿನಲ್ಲಿ ಒತ್ತುವ ಗುಂಡಿಗಳು ಆ ತಂತಿಯನ್ನು ನಂಬಿಕೊಂಡಿದ್ದುದು ಅದಕ್ಕೆ ಮುಖ್ಯ ಕಾರಣ.

ಎರಡನೆಯದು, ಸ್ಥಳ. ಅಮೆರಿಕದಲ್ಲಿ ಆಪತ್ಕಾಲದ ಸಂಖ್ಯೆ 911. ಅಂತರ್ಜಾಲದ ದೂರವಾಣಿಯಿಂದ ಅದನ್ನು ಕರೆದಾಗ ಸಹಾಯಕ್ಕೆ ಬರುವವರು ಎಲ್ಲಿಗೆ ಹೋಗಬೇಕು? ಕರೆಯುವವನು ತಾನಿರುವ ವಿಳಾಸವನ್ನು ಮೊದಲೇ ಬರೆಸಿಟ್ಟಿರಬೇಕೆಂದು 2005ರಲ್ಲಿ ಅಲ್ಲಿಯ ಸರ್ಕಾರದ ಆಯೋಗವು ವಿಧಿಸಿತು. ಖಾಸಗಿ ಎಕ್ಸ್‌ಚೇಂಜುಗಳ ವಿಷಯವು ಮತ್ತೂ ಹಳೆಯದು. ಹೊರಗಿನ ಕರೆಗೆ ಮೊದಲು 9 ಒತ್ತಬೇಕೆಂಬ ವಾಡಿಕೆಯನ್ನು ಅರಿಯದ ಒಂಬತ್ತು ವರ್ಷದ ಬಾಲೆಯೊಬ್ಬಳು, 2013ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಒಂದು ವಸತಿಗೃಹದಲ್ಲಿ ತಾಯಿಯು ಇರಿತಕ್ಕೊಳಗಾಗಿ ಸಾಯುತ್ತಿರುವಾಗ, ಸಹಾಯಕ್ಕಾಗಿ ನಾಲ್ಕು ಸಲ ಕರೆದಳು. ಒಂದು ಸಲವೂ ಕರೆಯು ಹೊರಗೆ ಹೋಗಲಿಲ್ಲ. ಹೇಳಿಕೊಟ್ಟಿದ್ದ ಸಂಖ್ಯೆಯನ್ನೇ ಅವಳು ತಪ್ಪಿಲ್ಲದೆ ಒತ್ತಿದ್ದಳು. ಆ ತಾಯಿಯ ಹೆಸರಿನಲ್ಲಿ 2018ರಲ್ಲಿ ಆದ ಕಾನೂನು 2020ರ ಫೆಬ್ರವರಿ 16ರಿಂದ ಜಾರಿಗೆ ಬಂದು, ಅಂದಿನಿಂದ ಹೊಸದಾಗಿ ಏರ್ಪಡುವ ಇಂತಹ ಪ್ರತಿಯೊಂದು ವ್ಯವಸ್ಥೆಯಲ್ಲಿಯೂ 911 ನೇರವಾಗಿ ದೊರೆಯಬೇಕೆಂದಿತು. 2018ರಲ್ಲಿಯೇ ಆದ ಇನ್ನೊಂದು ಕಾನೂನಿನ ಮೇರೆಗೆ, ಕಟ್ಟಡ, ಅಂತಸ್ತು, ಕೋಣೆಗಳನ್ನು ಗುರುತಿಸುವಷ್ಟು ಸ್ಥಳಜ್ಞಾನವೂ ಕರೆಯೊಡನೆ ಹೋಗಬೇಕೆಂಬ ನಿಯಮವು, ಸ್ಥಿರವಾದ ದೂರವಾಣಿಗಳಿಗೆ 2021ರ ಜನವರಿಯಲ್ಲಿಯೂ ಸಂಚಾರಿಗಳಿಗೆ 2022ರ ಜನವರಿಯಲ್ಲಿಯೂ ಅನ್ವಯವಾಯಿತು. ಇವೆರಡೂ ವಿಶ್ವವಿದ್ಯಾನಿಲಯಗಳನ್ನೂ ಕಟ್ಟುವ ಕಾನೂನುಗಳೇ.

ಹೀಗೆ ನೋಡಿದರೆ, ಲೋವೆಲ್ಲಿನ ಆಪರೇಟರುಗಳ ನೆನಪಿನಿಂದ ಪಟ್ಟಿಗೂ, ಪಟ್ಟಿಯಿಂದ ತಾಮ್ರದ ತಂತಿಗೂ ಇಳಿದು ಒಂದು ಶತಮಾನ ಕಾಲ ಯಾರ ಗಮನಕ್ಕೂ ಬಾರದೆ ನಡೆದುಬಂದ ಕೆಲಸವು, ತಂತಿಯು ಹೋದಮೇಲೆ ಮರಳಿ ಮನುಷ್ಯರ ಕೈಗೇ ಬಂದಂತಾಯಿತು. ಹೊಸ ದೂರವಾಣಿಯನ್ನು ತರುವ ವಿದ್ಯಾಸಂಸ್ಥೆಯು ಯಂತ್ರಗಳ ಬೆಲೆಯನ್ನು ಲೆಕ್ಕಹಾಕುವಾಗ ಈ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಕೋಣೆಗಳ ಪಟ್ಟಿಯನ್ನು ದಿನದಿನವೂ ತಿದ್ದುವವರು ಯಾರು, ಬ್ಯಾಟರಿಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವವರು ಯಾರು? ಅಧ್ಯಾಪಕರಿಗೂ ಇದರಲ್ಲಿ ಪಾಲುಂಟು. ಹೊಸ ದೂರವಾಣಿಯು ಮೊದಲ ದಿನ ‘ನೀವು ಎಲ್ಲಿದ್ದೀರಿ’ ಎಂದು ಕೇಳಿ ಒಂದು ಖಾಲಿ ಸಾಲನ್ನು ತೋರಿಸಿದಾಗ, ಅವಸರದಲ್ಲಿ ಅದನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವವರು ಬಹಳ ಮಂದಿ. ಬೆಲ್ ಮಹಾಶಯನು ‘ಇಲ್ಲಿಗೆ ಬಾ’ ಎಂದಾಗ ವಾಟ್ಸನ್ನನಿಗೆ ತಿಳಿದಿದ್ದುದನ್ನು ಇಂದು ನಾವೇ ಆ ಸಾಲಿನಲ್ಲಿ ಬರೆಯಬೇಕಾಗಿದೆ.