ಆ ಕಾರ್ಡು ಶಾಸಕರ ಕಿಸೆಯಲ್ಲೂ ಇರಬೇಕೇ?

ಕುರ್ತಕೋಟಿಯ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ಕುಳಿತಿದ್ದೆವು. ನಾವು ಸುದ್ದಿ ಬರೆಯುವವರು ಎಂದು ತಿಳಿದ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕುಳಿತರು. ಕಿಸೆಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಆಯುಷ್ಮಾನ್ ಕಾರ್ಡ್ ತೆಗೆದು ತೋರಿಸಿದರು. ಹೆಂಡತಿಯ ಆಪರೇಷನ್‌ಗೆಂದು ದೊಡ್ಡ ಊರಿನ ಒಂದು ಆಸ್ಪತ್ರೆಗೆ ಹೋಗಿದ್ದರಂತೆ. ಮೊದಲು ಸರ್ಕಾರಿ ದವಾಖಾನೆಯಿಂದ ಚೀಟಿ ತನ್ನಿ ಎಂದು ಅಲ್ಲಿಂದ ವಾಪಸ್ ಕಳಿಸಿದರು. ಚೀಟಿಗಾಗಿ ಎರಡು ಸಲ ಅಡ್ಡಾಡಿದರು, ಎರಡು ದಿನದ ದುಡಿಮೆ ಹೋಯಿತು. ಕೊನೆಗೆ ಆಪರೇಷನ್ ಆಯಿತು, ಅದಕ್ಕೆ ರೊಕ್ಕ ಹತ್ತಲಿಲ್ಲ.

"ತಮ್ಮಾ, ಕಾರ್ಡ್ ಚಲೋ ಐತಿ, ಇಲ್ಲಂತ ಹೇಳಂಗಿಲ್ಲ. ಆದ್ರ ಒಂದ್ ಮಾತು ಕೇಳ್ತೀನಿ. ಇದನ್ನ ಮಾಡಿದ ಸಾಹೇಬ್ರ ಕಿಸೇದಾಗೂ ಇಂಥಾದ್ದೊಂದು ಕಾರ್ಡ್ ಐತೇನು? ಅವರೂ ಹಿಂಗ ಚೀಟಿಗೆ ಅಡ್ಡಾಡ್ತಾರೇನು?"

ಪ್ರಶ್ನೆ ಸಣ್ಣದು. ಉತ್ತರ ಹುಡುಕಲು ಹೋದರೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಮೊದಲ ಹೆಜ್ಜೆ ಇಟ್ಟದ್ದು ದೂರದ ಊರಿಗೇನಲ್ಲ, ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ.

ಕಣಗಿನಹಾಳದ ಲೆಕ್ಕ

ಬ್ರಿಟಿಷ್ ಸರ್ಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಆಗ ಗದಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಅದು ಹೆಸರಾಗಿದೆ.

ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಒಂದು ಗಟ್ಟಿ ನಿಯಮ ಇತ್ತು. ಅದಕ್ಕೆ ಅಪರಿಮಿತ ಹೊಣೆ ಎಂದು ಹೆಸರು. ಸಂಘ ಮುಳುಗಿದರೆ ಹಾಕಿದ ಷೇರಿನ ಹಣಕ್ಕೇ ಹೊಣೆ ಮುಗಿಯುತ್ತಿರಲಿಲ್ಲ. ಸದಸ್ಯನ ಮನೆ, ಹೊಲದವರೆಗೂ ಅದು ಬರುತ್ತಿತ್ತು. ಸಂಘ ನಡೆಸುವವರೂ ಸದಸ್ಯರೇ, ಸಾಲ ಪಡೆಯುವವರೂ ಸದಸ್ಯರೇ. ಹೀಗಾಗಿ ನಿಯಮ ಬರೆಯುವವನು ಆ ನಿಯಮದ ಕೆಳಗೇ ಬದುಕಬೇಕಿತ್ತು. ತಪ್ಪು ನಿಯಮ ಮಾಡಿದರೆ ಅದರ ಬಿಸಿ ಮೊದಲು ಅವನ ಮನೆಗೇ ತಟ್ಟುತ್ತಿತ್ತು.

ನಮ್ಮ ಸೀಮೆಗೆ ಈ ಮಾತು ಹೊಸದಲ್ಲ. ಕುರ್ತಕೋಟಿ, ಹುಲಕೋಟಿ ಕಡೆಯ ಮನೆಗಳಲ್ಲಿ ಸೊಸೈಟಿ ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ಕುರ್ತಕೋಟಿಯ ಹಿರಿಯರು ಕೇಳಿದ್ದು ಈ ಸೊಸೈಟಿಯ ಲೆಕ್ಕವನ್ನೇ. ಅದನ್ನು ಅವರು ವಿಧಾನಸೌಧಕ್ಕೆ ಹಾಕಿ ನೋಡಿದರು, ಅಷ್ಟೇ.

ಮೊದಲ ಸಹಿ ಯಾರದು?

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹೀಗೆ ಯೋಚಿಸಿದವರು ಇದ್ದರು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ, ಅಂದರೆ ನಾವೆಲ್ಲ ಇಎಸ್‌ಐ ಎನ್ನುವ ಕಾಯ್ದೆ, ಬಂತು. 1952ರ ಫೆಬ್ರವರಿ 24ರಂದು ಪ್ರಧಾನಿ ಜವಾಹರಲಾಲ್ ನೆಹರೂ ಕಾನ್ಪುರದಲ್ಲಿ ಆ ಯೋಜನೆಯನ್ನು ಉದ್ಘಾಟಿಸಿದರು. ಯೋಜನೆಯ ಮೊದಲ ವಿಮಾದಾರರಾಗಿ ನಮೂನೆಗೆ ಸಹಿ ಹಾಕಿದವರೂ ಅವರೇ. ಆ ಸಹಿಯ ನಮೂನೆಯನ್ನು ಇಎಸ್‌ಐ ನಿಗಮ ಇಂದಿಗೂ ಹೆಮ್ಮೆಯಿಂದ ಇಟ್ಟುಕೊಂಡಿದೆ.

ಆದರೆ ಅವರು ಗೌರವ ವಿಮಾದಾರರು. ಸಹಿ ಗೌರವದ್ದು, ಸರದಿಯಲ್ಲಿ ನಿಲ್ಲುವ ಪಾಳಿ ಗಿರಣಿ ಕಾರ್ಮಿಕರದ್ದು. ನೆಹರೂ ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಯೋಜನೆ ತರುವವರು ತಾವೂ ಅದರಲ್ಲಿ ಸೇರಬೇಕು ಎಂಬ ಭಾವನೆ ಆಗಲೇ ಇತ್ತು, ಅದು ಸಹಿಯ ಹತ್ತಿರವೇ ನಿಂತಿತು.

ಎರಡು ವರ್ಷದ ನಂತರ, 1954ರಲ್ಲಿ, ಕೇಂದ್ರ ಸರ್ಕಾರದ ನೌಕರರಿಗೆಂದು ದೆಹಲಿಯಲ್ಲಿ ಬೇರೆ ಆರೋಗ್ಯ ಯೋಜನೆ ಶುರುವಾಯಿತು. ಮುಂದೆ ಸಂಸದರಿಗೂ ಅದರ ಸೌಲಭ್ಯ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರ ವೈದ್ಯಕೀಯ ಹಾಜರಾತಿ ನಿಯಮಗಳು 1963ರಲ್ಲಿ ಬಂದವು. ಶಾಸಕರ ಮತ್ತು ಅವರ ಕುಟುಂಬದ ಚಿಕಿತ್ಸೆಯ ಖರ್ಚನ್ನೂ ಸರ್ಕಾರವೇ ಭರಿಸುತ್ತದೆ. ಚಿಕಿತ್ಸೆ ಆದ ಮೇಲೆ ಬಿಲ್ ಸಲ್ಲಿಸಿದರೆ ಹಣ ಮರುಪಾವತಿ ಆಗುತ್ತದೆ.

ಹೀಗೆ ಎರಡು ದಾರಿಗಳಾದವು. ಒಂದು ಬಿಲ್ಲಿನ ದಾರಿ, ಇನ್ನೊಂದು ಕಾರ್ಡಿನ ದಾರಿ. ಕಾರ್ಡಿನ ದಾರಿಯನ್ನು ಹಾಕುವವರು ಬಿಲ್ಲಿನ ದಾರಿಯಲ್ಲಿ ನಡೆಯುವವರು.

ತಿಂಗಳಿಗೆ ಐದು ರೂಪಾಯಿ

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಯಶಸ್ವಿನಿ ಬಂತು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅದರ ಹಿಂದಿನ ಮುಖ್ಯ ಪ್ರೇರಣೆ. 2003ರ ಜೂನ್‌ನಿಂದ ಚಿಕಿತ್ಸೆ ಶುರುವಾಯಿತು. ಸಹಕಾರಿ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕಿತ್ತು. ಸರ್ಕಾರವೂ ತನ್ನ ಪಾಲು ಹಾಕಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು.

ಇಲ್ಲಿ ಕಣಗಿನಹಾಳದ ಗುಣ ಸ್ವಲ್ಪ ಇತ್ತು. ಹಣ ಕಟ್ಟಿದವನೇ ಫಲಾನುಭವಿ. ಹೆಸರು ಬರೆಸುವ ಜಾಗವೂ ಊರಿನ ಸೊಸೈಟಿ. ತೊಂದರೆಯಾದರೆ ಸೊಸೈಟಿ ಕಾರ್ಯದರ್ಶಿಯನ್ನು ಹಿಡಿದು ಕೇಳಬಹುದಿತ್ತು. ಕೊರತೆಯೂ ಇತ್ತು. ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಜ್ವರ ಬಂದು ಎಂಟು ದಿನ ಮಲಗಿದರೆ, ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಗುಳಿಗೆ ಬೇಕಾದರೆ, ಖರ್ಚು ನಮ್ಮದೇ.

ನಂತರ ಬಂದದ್ದು ವಾಜಪೇಯಿ ಆರೋಗ್ಯಶ್ರೀ. 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲಿ, ಬಳಿಕ ನಮ್ಮ ಬೆಳಗಾವಿ ವಿಭಾಗದಲ್ಲಿ ಜಾರಿಯಾಯಿತು. ಬಿಪಿಎಲ್ ಕುಟುಂಬಕ್ಕೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಅಗತ್ಯ ಬಿದ್ದರೆ ಇನ್ನೂ 50 ಸಾವಿರ.

ಈ ಯೋಜನೆಯಿಂದ ಏನಾದರೂ ಆಯಿತೇ? ಆಯಿತು. ಯೋಜನೆ ಜಾರಿಯಾದ ಪ್ರದೇಶದ ಗಡಿಯ ಎರಡೂ ಕಡೆ 572 ಹಳ್ಳಿಗಳಲ್ಲಿ ಸಂಶೋಧಕರು ಮನೆಮನೆಗೆ ಹೋಗಿ ಕೇಳಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ವರದಿ ಪ್ರಕಟವಾಯಿತು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಆಗುವ ಸಾವು ಇಲ್ಲದ ಹಳ್ಳಿಗಳಿಗಿಂತ ಶೇ. 64ರಷ್ಟು ಕಡಿಮೆ ಇತ್ತು.

ಈ ಅಂಕಿಯನ್ನು ಎರಡು ಸಲ ಓದಿ. ಗಡಿಯ ಒಂದು ಕಡೆ ಕಾರ್ಡು, ಇನ್ನೊಂದು ಕಡೆ ಕಾರ್ಡಿಲ್ಲ. ಒಂದು ಸರ್ಕಾರಿ ಆದೇಶ ಯಾವ ತಾಲ್ಲೂಕಿನ ತನಕ ಬರುತ್ತದೆ ಎಂಬುದರ ಮೇಲೆ ಯಾರದೋ ಮನೆಯ ತಾಯಿ ಉಳಿದಳು, ಯಾರದೋ ಮನೆಯ ತಾಯಿ ಹೋದಳು. ಅಂಥ ಆದೇಶ ಬರೆಯುವ ಕೈಗೆ ಅದರ ತೂಕ ಗೊತ್ತಿರಬೇಕು ಎಂದು ಕೇಳುವುದು ತಪ್ಪೇ?

ನಾಲ್ಕು ವರ್ಷದ ಖಾಲಿ ಜಾಗ

2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆರೋಗ್ಯ ಕರ್ನಾಟಕ ಯೋಜನೆ ತಂದಿತು. ಯಶಸ್ವಿನಿ, ಆರೋಗ್ಯಶ್ರೀ ಎಲ್ಲ ಅದರೊಳಗೆ ಸೇರಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಅದು ಕೂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ದರಪಟ್ಟಿಯ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಸುಮಾರು 1,650 ಬಗೆಯ ಚಿಕಿತ್ಸೆಗಳ ಪಟ್ಟಿ ಆಯಿತು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರ ಚೀಟಿ ಪಡೆದು ಬೇರೆ ಆಸ್ಪತ್ರೆಗೆ. ತುರ್ತು ಚಿಕಿತ್ಸೆಗೆ ಮಾತ್ರ ಚೀಟಿ ಬೇಡ.

ಚೀಟಿಯ ನಿಯಮಕ್ಕೆ ಕಾರಣ ಇದೆ. ಅದಿಲ್ಲದಿದ್ದರೆ ಸಣ್ಣ ಆಪರೇಷನ್‌ಗೂ ಜನ ಖಾಸಗಿಗೇ ಹೋಗುತ್ತಾರೆ, ಸರ್ಕಾರಿ ಆಸ್ಪತ್ರೆ ಖಾಲಿ ಬೀಳುತ್ತದೆ, ಹಣವೆಲ್ಲ ಖಾಸಗಿಯವರ ಪಾಲಾಗುತ್ತದೆ. ಆದರೆ ಇನ್ನೊಂದು ಪೆಟ್ಟು ಯಾರಿಗೂ ಕಾಣದಂತೆ ಬಿತ್ತು. ಯಶಸ್ವಿನಿಯಲ್ಲಿ ಹಣ ಕಟ್ಟುತ್ತಿದ್ದ ಎಷ್ಟೋ ರೈತರ ಮನೆಯಲ್ಲಿ ಇದ್ದದ್ದು ಎಪಿಎಲ್ ಕಾರ್ಡ್. ಕಾಗದದ ಮೇಲೆ ನಾಲ್ಕೆಕರೆ, ಹೊಲದಲ್ಲಿ ಮಳೆ ಇಲ್ಲ. ಅಂಥವರು ಸೊಸೈಟಿಯ ಭದ್ರತೆ ಕಳೆದುಕೊಂಡು ಶೇ. 30ರ ಸಾಲಿಗೆ ಬಂದು ನಿಂತರು.

ಸಹಕಾರಿಗಳು ಕೇಳುತ್ತಲೇ ಇದ್ದರು. 2022–23ರ ಬಜೆಟ್‌ನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಯಶಸ್ವಿನಿಯನ್ನು ಮತ್ತೆ ಘೋಷಿಸಿದರು. 2023ರ ಜನವರಿಯಿಂದ ಚಿಕಿತ್ಸೆ ಪುನಃ ಶುರುವಾಯಿತು. ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ನಡುವೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಹೋಯಿತು, ಅದರಲ್ಲೇ ಕೊರೊನಾ ಬಂದು ಹೋಯಿತು. ಯೋಜನೆ ನಿಲ್ಲಿಸಿದ ಸರ್ಕಾರ ಒಂದು ಪಕ್ಷದ್ದು, ನಡುವೆ ಆಳಿದವರು ಇನ್ನೊಬ್ಬರು, ಮತ್ತೆ ತಂದವರು ಮತ್ತೊಬ್ಬರು. ಈ ಲೆಕ್ಕದಲ್ಲಿ ಯಾವ ಪಕ್ಷವನ್ನೂ ಬಿಡುವ ಹಾಗಿಲ್ಲ. ಆ ನಾಲ್ಕು ವರ್ಷದಲ್ಲಿ ಶಾಸಕರ ಬಿಲ್ಲಿನ ದಾರಿ ಒಂದು ದಿನವೂ ಮುಚ್ಚಲಿಲ್ಲ.

ಇನ್ನೊಂದು ದಿನಾಂಕ ನೆನಪಿಡಿ: 2025ರ ಮಾರ್ಚ್ 21. ಅಂದು ಸದನದಲ್ಲಿ ಭಾರೀ ಗದ್ದಲ. ಆ ಗದ್ದಲದ ನಡುವೆಯೇ, ಚರ್ಚೆ ಇಲ್ಲದೆ, ಶಾಸಕರ ತಿಂಗಳ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಪಾಸಾಯಿತು. ತಮ್ಮ ಮನೆಗೆ ತಟ್ಟುವ ವಿಷಯವಾದರೆ ಸದನ ಎಷ್ಟು ಬೇಗ ಕೆಲಸ ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೇರೆ ಕಡೆ ಏನಾಯಿತು?

ಶಾಸನ ಮಾಡುವವರನ್ನು ಅದೇ ಶಾಸನದೊಳಗೆ ತರುವ ಪ್ರಯತ್ನ ಬೇರೆ ಕಡೆ ನಡೆದಿದೆ. 2010ರಲ್ಲಿ ಅಮೆರಿಕದಲ್ಲಿ ಒಬಾಮಾ ಅಧ್ಯಕ್ಷರಾಗಿದ್ದಾಗ ದೊಡ್ಡ ಆರೋಗ್ಯ ವಿಮಾ ಕಾಯ್ದೆ ಬಂತು. ಅದನ್ನು ವಿರೋಧಿಸುತ್ತಿದ್ದ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ಒಂದು ಪಟ್ಟು ಹಿಡಿದರು. ಜನ ವಿಮೆ ಕೊಳ್ಳುವ ಹೊಸ ಮಾರುಕಟ್ಟೆಯಲ್ಲೇ ಸಂಸದರೂ ಅವರ ಸಿಬ್ಬಂದಿಯೂ ವಿಮೆ ಕೊಳ್ಳಬೇಕು ಎಂದರು. ಅದು ಕಾಯ್ದೆಯಲ್ಲಿ ಸೇರಿತು. ಆದರೆ 2013ರಲ್ಲಿ ಅಲ್ಲಿನ ಸರ್ಕಾರ, ನೌಕರರಿಗೆ ಕೊಡುವಂತೆ ಅವರ ಕಂತಿನ ದೊಡ್ಡ ಪಾಲನ್ನು ತಾನೇ ಕಟ್ಟುವುದಾಗಿ ಹೇಳಿತು. ಅಂಗಡಿ ಒಂದೇ ಆಯಿತು, ಚೀಲಕ್ಕೆ ಹಣ ಹಾಕುವವರು ಬೇರೆಯಾದರು.

ನಮ್ಮ ದೇಶದಲ್ಲಿ ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಅಧಿಕಾರಿಗಳು, ಜನಪ್ರತಿನಿಧಿಗಳು ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಬೇಕು ಎಂದಿತು. 2018ರಲ್ಲಿ ಸರ್ಕಾರಿ ಅಧಿಕಾರಿಗಳು ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆಯಬೇಕು, ಅಲ್ಲಿ ಸಿಗುವ ಚಿಕಿತ್ಸೆಗೆ ಖಾಸಗಿ ಬಿಲ್ ಮರುಪಾವತಿ ಬೇಡ ಎಂದಿತು. ಮಂತ್ರಿಗಳ ಮಕ್ಕಳು ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಸಾಲಾಗಿ ಬಂದು ಕುಳಿತದ್ದನ್ನು ಯಾರೂ ಕಾಣಲಿಲ್ಲ. ಮೇಲಿನಿಂದ ಬಂದ ಆದೇಶವನ್ನು ಜಾರಿ ಮಾಡಬೇಕಾದವರೂ ಅವರೇ ಆಗಿದ್ದರು.

ನಮ್ಮ ಲೆಕ್ಕ

ಹಾಗಾದರೆ ಶಾಸಕರಿಗೂ ಕಾರ್ಡ್ ಕೊಟ್ಟರೆ ಮುಗಿಯಿತೇ? ನಮ್ಮ ನಡುವೆಯೇ ಇದರ ಬಗ್ಗೆ ವಾದ ಆಯಿತು. ಒಬ್ಬರು ಹೇಳಿದರು: ಶಾಸಕರು ಕಾರ್ಡ್ ಹಿಡಿದು ಆಸ್ಪತ್ರೆಗೆ ಬಂದರೆ ಅವರಿಗೆ ಮೊದಲ ಹಾಸಿಗೆ, ಸರದಿಯಲ್ಲಿದ್ದ ಅಜ್ಜಿ ಇನ್ನೂ ಹಿಂದಕ್ಕೆ. ಇನ್ನೊಬ್ಬರು ಹೇಳಿದರು: ಕಾಯಿಲೆ ಯಾರಿಗೂ ಪರೀಕ್ಷೆ ಆಗಬಾರದು, ಅವರೂ ಮನುಷ್ಯರೇ. ಎರಡೂ ಮಾತಿನಲ್ಲಿ ಸತ್ಯ ಇದೆ.

ಅದಕ್ಕೇ ಬರಿಯ ಕಾರ್ಡು ಸಾಲದು ಎಂದು ನಮಗೆ ಅನಿಸುತ್ತದೆ. ಕಾರ್ಡ್ ಹಿಡಿದು ಫೋಟೊ ತೆಗೆಸಿಕೊಂಡರೆ ಅದು 1952ರ ಸಹಿಯಂತೆಯೇ ಆಗುತ್ತದೆ. ಒಂದಾಗಬೇಕಾದದ್ದು ನಿಯಮ. ಶಾಸಕರ ಚಿಕಿತ್ಸೆಗೂ ನಮ್ಮದೇ ದರಪಟ್ಟಿ, ನಮ್ಮದೇ ಚೀಟಿ, ನಮ್ಮದೇ ತುರ್ತಿನ ವಿನಾಯಿತಿ ಇರಲಿ. ದರಪಟ್ಟಿಗಿಂತ ಹೆಚ್ಚಿನ ಆಸ್ಪತ್ರೆ ಬೇಕೆಂದರೆ ಹೋಗಲಿ, ಹೆಚ್ಚಿನದನ್ನು ತಮ್ಮ ಕಿಸೆಯಿಂದ ಕೊಡಲಿ. "ಈ ದರ ನಮಗೆ ಪರವಡುವುದಿಲ್ಲ" ಎಂದು ಆಸ್ಪತ್ರೆ ಹೇಳುವ ಮಾತು ಆಗ ಶಾಸಕರ ಕಿವಿಗೂ ಬೀಳುತ್ತದೆ. ಚೀಟಿ ಕೊಡುವ ಡಾಕ್ಟರ ಕುರ್ಚಿ ಖಾಲಿ ಇದ್ದರೆ ಅದು ಅವರ ಕಣ್ಣಿಗೂ ಬೀಳುತ್ತದೆ.

ಎರಡನೆಯದು, ಮರುಪಾವತಿಯ ಮೊತ್ತ ವರ್ಷಕ್ಕೊಮ್ಮೆ ಕ್ಷೇತ್ರದ ಜನರಿಗೆ ತಿಳಿಯಲಿ. ಯಾವ ಕಾಯಿಲೆ ಎಂದು ಹೇಳುವುದು ಬೇಡ, ಅದು ಅವರ ಖಾಸಗಿ ವಿಷಯ. ಹಣ ನಮ್ಮದು, ಅದರ ಲೆಕ್ಕ ಸಾಕು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ನಿರ್ದೇಶಕರ ಸಾಲವನ್ನು ಓದಿ ಹೇಳುವಂತೆ ಇದನ್ನೂ ಓದಿ ಹೇಳಲಿ.

ಇದರಿಂದ ಗದಗದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ನಾಳೆಯೇ ಸರದಿ ಕರಗುವುದಿಲ್ಲ. ಹುಬ್ಬಳ್ಳಿ ಕಿಮ್ಸ್‌ಗೆ ಹೋಗುವ ಬಸ್ಸಿನಲ್ಲಿ ರೋಗಿಗಳು ಕಡಿಮೆ ಆಗುವುದಿಲ್ಲ. ಆದರೆ ಮುಂದೆ ಒಂದು ಯೋಜನೆಯನ್ನು ಇನ್ನೊಂದರಲ್ಲಿ ಕರಗಿಸುವಾಗ, ನಡುವಿನ ನಾಲ್ಕು ವರ್ಷ ಯಾರ ಮನೆಯಲ್ಲಿ ಖಾಲಿ ಬೀಳುತ್ತದೆ ಎಂದು ಸದನದಲ್ಲಿ ಒಬ್ಬರಾದರೂ ಎದ್ದು ಕೇಳುತ್ತಾರೆ. ತಮ್ಮ ಮನೆಯದೂ ಅದರಲ್ಲಿ ಇರುತ್ತದಲ್ಲ.

ಕುರ್ತಕೋಟಿಯ ಹಿರಿಯರಿಗೆ ಅಂದು ನಾವು "ಅವರದು ಬೇರೆ ದಾರಿ ಐತ್ರಿ ಅಜ್ಜಾರ" ಎಂದಷ್ಟೇ ಹೇಳಿದ್ದೆವು. ಅವರು ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು. "ಹಂಗಾದ್ರ ನಮ್ಮ ದಾರ್ಯಾಗ ಕಲ್ಲು ಎಲ್ಲಿ ಅದಾವು ಅಂತ ಅವರಿಗೆ ಹೆಂಗ ಗೊತ್ತಾಗಬೇಕು, ತಮ್ಮಾ?" ಎಂದು ಎದ್ದರು.

ಮುಂದಿನ ಗ್ರಾಮಸಭೆಗೆ ನಿಮ್ಮ ಶಾಸಕರು ಬಂದರೆ ಈ ಪ್ರಶ್ನೆಯನ್ನು ನೀವೂ ಕೇಳಿ. ಅವರು ಏನೆಂದರು ಎಂದು ನಮಗೂ ತಿಳಿಸಿ, ಇಲ್ಲೇ ಬರೆಯುತ್ತೇವೆ.